ಮುಟ್ಟಿ ನೋಡಿರಿ

ಕೆಲವು ಕಾಲದ ಹಿಂದೆ ನಾವು ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ಒಬ್ಬ ವೃದ್ಧರು ಮೊಮ್ಮಗನ ಹೆಗಲಮೇಲೆ ಕೈಯಿಟ್ಟು ಮೆಲ್ಲನೆ ನಡೆದು ಬರುತ್ತಿದ್ದರು. ಅವರ ದೃಷ್ಟಿ ಪೂರ್ಣವಾಗಿ ಹೋಗಿದ್ದಿತು. ಒಂದು ಶಿಲಾವಿಗ್ರಹದ ಮುಂದೆ ನಿಂತು, "ಇದೇನಪ್ಪ?" ಎಂದು ಕೇಳಿದರು. "ಒಂದು ಕಲ್ಲಿನ ಬೊಂಬೆ, ತಾತ" ಎಂದನು ಹುಡುಗ. "ಯಾರದು? ಕೈಯಲ್ಲಿ ಏನು ಹಿಡಿದಿದೆ?" ಹುಡುಗನಿಗೆ ಉತ್ತರ ತೋರಲಿಲ್ಲ. ವೃದ್ಧರು ತಾವೇ ಕೈ ಚಾಚಿದರು. ಆ ಕೂಡಲೆ ಕಾವಲುಗಾರನು, "ಮುಟ್ಟಬೇಡಿ ಸ್ವಾಮಿ" ಎಂದನು. ಅವನ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ತನ್ನ ಕರ್ತವ್ಯವನ್ನು ಅವನು ಮಾಡಿದನು. ವೃದ್ಧರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಸರಿ, ನಡಿ ಮಗು" ಎಂದು ಮುಂದೆ ಹೋದರು. ಅಷ್ಟು ದೂರ ನಡೆದು ಬಂದ ಅವರಿಗೆ ದೊರೆತದ್ದು, ಅಲ್ಲೊಂದು ಕಲ್ಲಿನ ಬೊಂಬೆಯಿದೆ ಎಂಬ ಸುದ್ದಿ ಮಾತ್ರ.

ನಮ್ಮ ಕನ್ನಡದಲ್ಲಿ ನೋಡುವುದೆಂದರೆ ಬರಿಯ ಕಣ್ಣಿನ ಕೆಲಸವಲ್ಲವಷ್ಟೆ. ರುಚಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಕೇಳಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ. ಮನೆಯ ಹಿರಿಯರು ಸೀರೆಯ ಸೆರಗನ್ನು ಎರಡು ಬೆರಳುಗಳ ನಡುವೆ ಹೊಸೆದು ನೋಡಿದ ಹೊರತು ಬೆಲೆಯ ಮಾತನ್ನು ಎತ್ತುವುದಿಲ್ಲ. ಹಿಟ್ಟು ಹದವಾಯಿತೆ ಎಂಬುದನ್ನು ಅಡಿಗೆಯವರು ಕೈಯಿಂದಲೇ ತಿಳಿಯುವರು. ಹೀಗಿರಲು, ಕಣ್ಣಿಲ್ಲದವರಿಗೆ ಕಲೆಯನ್ನು ನೋಡುವ ಮಾರ್ಗವೇ ಇಲ್ಲವೆಂದು ನಾವು ತಿಳಿದುಕೊಂಡದ್ದು ಏತಕ್ಕೆ? ಈ ಪ್ರಶ್ನೆಯನ್ನು ಎತ್ತಿ ಅದಕ್ಕೆ ಕಟ್ಟಡದ ರೂಪದಲ್ಲಿಯೇ ಉತ್ತರ ಕೊಟ್ಟ ಒಬ್ಬ ದಂಪತಿಗಳ ವೃತ್ತಾಂತವನ್ನು ವಾಚಕರಿಗೆ ತಿಳಿಸಬೇಕೆಂಬುದೇ ನಮ್ಮ ಉದ್ದೇಶ.

ಇಟಲಿ ದೇಶದ ಪೂರ್ವತೀರದಲ್ಲಿ, ಏಡ್ರಿಯಾಟಿಕ್ ಸಮುದ್ರದ ಮೇಲೆ, ಅಂಕೋನಾ ಎಂಬ ರೇವುಪಟ್ಟಣವಿದೆ. ಆ ಊರಿನ ಆಲ್ಡೋ ಗ್ರಾಸ್ಸಿನಿ ಮತ್ತು ಅವರ ಪತ್ನಿ ಡಾನಿಯೇಲಾ ಬೊತ್ತೆಗೋನಿ ಇಬ್ಬರೂ ಅಂಧರು. ಇಬ್ಬರಿಗೂ ದೇಶಸಂಚಾರದಲ್ಲಿ ಬಲು ಪ್ರೀತಿ, ಕಲೆಯಲ್ಲಿ ಅದಕ್ಕಿಂತ ಹೆಚ್ಚು ಪ್ರೀತಿ. ಆದರೆ ಎಲ್ಲಿಗೆ ಹೋದರೂ ಸಂಗ್ರಹಾಲಯಗಳಲ್ಲಿ ಅವರನ್ನು ಎದುರುಗೊಳ್ಳುತ್ತಿದ್ದುದು "ಮುಟ್ಟಕೂಡದು" ಎಂಬ ಒಂದೇ ಮಾತು. ಇಂತಹ ಸಂದರ್ಭದಲ್ಲಿ ಬೇಸತ್ತು ಮನೆಯಲ್ಲಿ ಕುಳಿತುಕೊಳ್ಳುವವರುಂಟು, ಜಗಳವಾಡುವವರೂ ಉಂಟು. ಇವರು ಎರಡನ್ನೂ ಬಿಟ್ಟು, ಎಲ್ಲವನ್ನೂ ಮುಟ್ಟಬಹುದಾದ ಸಂಗ್ರಹಾಲಯವನ್ನು ತಾವೇ ಏಕೆ ಏರ್ಪಡಿಸಬಾರದೆಂದು ಯೋಚಿಸಿದರು. ಪಟ್ಟಣದ ಪೌರಸಭೆ ಅವರ ಮಾತಿಗೆ ಕಿವಿಗೊಟ್ಟಿತು. 1993ರಲ್ಲಿ ಸಂಗ್ರಹಾಲಯವು ಸ್ಥಾಪಿತವಾಯಿತು. ಅಂಧನೆಂದು ಪರಂಪರೆಯಲ್ಲಿ ಪ್ರಸಿದ್ಧನಾದ ಗ್ರೀಕರ ಆದಿಕವಿ ಹೋಮರನ ಹೆಸರನ್ನು ಅದಕ್ಕೆ ಇಟ್ಟರು. ಇಟಲಿಯ ಭಾಷೆಯಲ್ಲಿ ಆ ಹೆಸರು ಒಮೇರೋ. 1999ರಲ್ಲಿ ಇಟಲಿಯ ಪಾರ್ಲಿಮೆಂಟು ಒಂದು ಕಾನೂನಿನ ಮೂಲಕ ಇದನ್ನು ರಾಷ್ಟ್ರೀಯ ಸಂಗ್ರಹಾಲಯವೆಂದು ಅಂಗೀಕರಿಸಿತು.

ಈಗ ಅದು ಇರುವ ಕಟ್ಟಡದ ಚರಿತ್ರೆಯೂ ಸ್ವಾರಸ್ಯವಾಗಿದೆ. ಹದಿನೆಂಟನೆಯ ಶತಮಾನದಲ್ಲಿ ವಾನ್ವಿತೆಲ್ಲಿ ಎಂಬ ಶಿಲ್ಪಿಯು ಸಮುದ್ರದಲ್ಲಿ ಕೃತಕವಾದ ದ್ವೀಪವನ್ನು ಮಾಡಿ, ಅದರ ಮೇಲೆ ಐದು ಮೂಲೆಗಳ ಒಂದು ದೊಡ್ಡ ಕಟ್ಟಡವನ್ನು ಕಟ್ಟಿದನು. ಹಡಗುಗಳಲ್ಲಿ ಬಂದ ಜನರನ್ನೂ ಸರಕನ್ನೂ ಸಾಂಕ್ರಾಮಿಕ ರೋಗದ ಭಯದಿಂದ ಊರಿಗೆ ಬಿಡದೆ ಪ್ರತ್ಯೇಕವಾಗಿ ಇರಿಸುವುದಕ್ಕಾಗಿ ಅದನ್ನು ಕಟ್ಟಿದರು. ಒಬ್ಬರನ್ನೊಬ್ಬರು ಮುಟ್ಟದಂತೆ ಮಾಡುವುದಕ್ಕೆ ಎದ್ದ ಗೋಡೆಗಳ ಒಳಗೆ 2012ರಿಂದ ಮುಟ್ಟುವುದನ್ನೇ ಕಲಿಸುವ ಸಂಗ್ರಹಾಲಯವು ನೆಲಸಿದೆ.

ಒಳಗೆ ಏನೇನಿವೆ? ಮೈಕೆಲೇಂಜೆಲೋವಿನ ಪ್ರಸಿದ್ಧ ಶಿಲ್ಪಗಳು, ಮೈಲೋ ದ್ವೀಪದ ವೀನಸ್ ಮುಂತಾದುವುಗಳ ಪ್ರತಿಕೃತಿಗಳಿವೆ. ಗ್ರೀಕರ ಪಾರ್ಥೆನಾನ್ ದೇವಾಲಯ, ರೋಮಿನ ಪ್ಯಾಂಥಿಯನ್, ಸಂತ ಪೀಟರನ ಮಹಾಮಂದಿರ, ಇವುಗಳ ಕಿರಿಯ ಮಾದರಿಗಳಿವೆ. ಈ ಕಾಲದ ಶಿಲ್ಪಿಗಳ ಮೂಲಕೃತಿಗಳೂ ಇವೆ. ಕಣ್ಣುಳ್ಳವರು ಸಹ ಎಲ್ಲವನ್ನೂ ಮುಟ್ಟಬಹುದು. ಬಯಸಿದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸುತ್ತಬಹುದು. ಈ ಸಂಗತಿಯನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಇದು ಅಂಧರಿಗಾಗಿ ಮೂಲೆಯಲ್ಲಿ ಮಾಡಿದ ದಾನಶಾಲೆಯಲ್ಲ. ಅಂಧರು ಯೋಚಿಸಿ, ಸಕಲರಿಗೂ ತೆರೆದಿಟ್ಟ ವಿದ್ಯಾಶಾಲೆ.

ಕೈಯಿಂದ ನೋಡುವುದು ಸುಲಭವೆಂದು ಯಾರೂ ತಿಳಿಯಬಾರದು. ಕಣ್ಣು ಮೊದಲು ಸಮಗ್ರವನ್ನು ಕಂಡು ಆಮೇಲೆ ವಿವರಗಳಿಗೆ ಇಳಿಯುತ್ತದೆ. ಕೈಯಾದರೋ ವಿವರಗಳಿಂದ ಹೊರಟು, ಒಂದೊಂದನ್ನೂ ನೆನಪಿನಲ್ಲಿ ಜೋಡಿಸಿಕೊಳ್ಳುತ್ತ, ಕೊನೆಗೆ ಸಮಗ್ರವನ್ನು ಸೇರುತ್ತದೆ. ಹಣೆ, ಹುಬ್ಬು, ಮೂಗು, ತುಟಿ ಎಂದು ನಡೆದ ಬೆರಳುಗಳು ಮುಖವನ್ನು ಕಟ್ಟಿಕೊಳ್ಳಬೇಕು. ಇದಕ್ಕೆ ಕಾಲ ಬೇಕು, ಎರಡು ಕೈಗಳೂ ಬೇಕು, ಪಕ್ಕದಲ್ಲಿ ಹಿತವಾಗಿ ವಿವರಿಸುವ ಮಾತೂ ಬೇಕು. ಕೈಗೆ ನಿಲುಕದಷ್ಟು ದೊಡ್ಡದಾದ ಮಂದಿರವನ್ನು ತಿಳಿಯಬೇಕಾದರೆ ಕಿರಿಯ ಮಾದರಿಯೇ ಗತಿ. ಅದರಿಂದ ಕಣ್ಣುಳ್ಳವರಿಗೂ ಲಾಭವಿದೆ. ಗೋಪುರದ ಕೆಳಗೆ ನಿಂತವರಿಗೆ ಗೋಪುರದ ಆಕಾರವು ಪೂರ್ತಿಯಾಗಿ ಕಾಣುವುದುಂಟೆ?

ಎಲ್ಲರೂ ಮುಟ್ಟಿದರೆ ಪುರಾತನ ವಸ್ತುಗಳು ಕೆಡುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಬೆವರೂ ಜಿಡ್ಡೂ ಅಮೃತಶಿಲೆಯನ್ನು ಕಲೆಗೊಳಿಸುತ್ತವೆ. ಭಕ್ತರ ಕೈ ಸೋಕಿ ಸೋಕಿ ನುಣುಪಾದ ನಂದಿಯನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಎಲ್ಲ ವಸ್ತುಗಳೂ ಸಮಾನವಾಗಿ ಸುಕುಮಾರವಲ್ಲ. ಅಚ್ಚು ತೆಗೆದು ಮಾಡಿದ ಪ್ರತಿಕೃತಿಯು ಅಳತೆಯಲ್ಲಿ ಮೂಲಕ್ಕೆ ಸಮವಾಗಿದ್ದು, ಸವೆದರೆ ಮತ್ತೊಂದನ್ನು ಮಾಡಬಹುದು. ಕೈ ತೊಳೆದು, ಉಂಗುರ ತೆಗೆದು, ಮೆಲ್ಲನೆ ಮುಟ್ಟುವ ಶಿಸ್ತನ್ನು ಕಲಿಸಬಹುದು. ರಕ್ಷಣೆಯೂ ದರ್ಶನವೂ ಒಟ್ಟಿಗೆ ನಡೆಯಬೇಕಾದರೆ ಯೋಚನೆ ಬೇಕು; ಬರಿಯ ಫಲಕದಿಂದ ಆಗುವ ಕೆಲಸವಲ್ಲ ಅದು.

ಇದೇ ದೇಶದ ಇನ್ನೊಬ್ಬರ ಕಥೆಯನ್ನು ಇಲ್ಲಿ ಹೇಳಬೇಕು. ಫೆಲೀಚೆ ತಾಲ್ಯಾಫೆರ್ರಿ 1969ರಲ್ಲಿ ಹುಟ್ಟಿದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಮುಂದೆ ಶಿಲ್ಪವಿದ್ಯೆಯನ್ನು ಕಲಿತರು. ನೇಪಲ್ಸ್ ಪಟ್ಟಣದ ಸಾನ್‌ಸೆವೇರೋ ಪ್ರಾರ್ಥನಾಮಂದಿರದಲ್ಲಿ, 1753ರಲ್ಲಿ ಸಾನ್‌ಮಾರ್ತೀನೋ ಎಂಬ ಶಿಲ್ಪಿ ಕೆತ್ತಿದ ಕ್ರಿಸ್ತನ ವಿಗ್ರಹವಿದೆ. ಮೃತನಾಗಿ ಮಲಗಿದ ಕ್ರಿಸ್ತನ ಮೇಲೆ ತೆಳುವಾದ ಮುಸುಕು. ದೇಹವೂ ಮುಸುಕೂ ಒಂದೇ ಅಮೃತಶಿಲೆ. ಅದನ್ನು ಕೈಯಿಂದ ನೋಡಬೇಕೆಂದು ಹೋದ ತಾಲ್ಯಾಫೆರ್ರಿಯವರಿಗೆ ಅಪ್ಪಣೆ ದೊರೆಯಲಿಲ್ಲ. ಅವರು ಹಿಂದಿರುಗಿ, ಅಮೃತಶಿಲೆಯಲ್ಲಿ ತಮ್ಮದೇ ಆದ ಮುಸುಕಿನ ಕ್ರಿಸ್ತನನ್ನು ಕೆತ್ತಿ, ಅದನ್ನು ಎಲ್ಲರೂ ಮುಟ್ಟಬಹುದೆಂದು ಸಾರಿದರು. ಅವರು ಅದಕ್ಕಿಟ್ಟ "ರಿವೆಲಾತೋ" ಎಂಬ ಹೆಸರಿಗೆ ಶ್ಲೇಷೆಯಿಂದ ಎರಡು ಅರ್ಥಗಳು: ಮತ್ತೆ ಮುಸುಕು ಹಾಕಿದ್ದು ಎಂದೊಂದು, ಮುಸುಕು ತೆಗೆದು ತೋರಿಸಿದ್ದು ಎಂದಿನ್ನೊಂದು. ಇದಾದ ಎಷ್ಟೋ ವರ್ಷಗಳ ಮೇಲೆ, 2025ರಲ್ಲಿ, ನೇಪಲ್ಸಿನ ಆ ಮಂದಿರದವರೇ ಅಂಧರನ್ನು ವಿಶೇಷವಾಗಿ ಬರಮಾಡಿಕೊಂಡು, ಮೂಲವಿಗ್ರಹವನ್ನೇ ಮುಟ್ಟಿ ನೋಡುವ ಅವಕಾಶವನ್ನು ಕೊಟ್ಟರು.

ಅಡ್ಡಿಗಳು ದೃಷ್ಟಿಗೆ ಸಂಬಂಧಿಸಿದವು ಮಾತ್ರವಲ್ಲ. ಅಮೆರಿಕದ ಶ್ಯಾನನ್ ಫಿನ್ನೆಗನ್ ಎಂಬ ಅಂಗವಿಕಲ ಕಲಾವಿದರು 2018ರಿಂದ ಪ್ರದರ್ಶನಶಾಲೆಗಳಿಗೆ ಕುಳಿತುಕೊಳ್ಳುವ ಬೆಂಚುಗಳನ್ನೇ ಕಲಾಕೃತಿಗಳಾಗಿ ಮಾಡಿಕೊಡುತ್ತ ಬಂದಿದ್ದಾರೆ. ಇಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತೆಂಬ ದೂರನ್ನೂ, ಒಪ್ಪುವವರು ಕುಳಿತುಕೊಳ್ಳಬಹುದೆಂಬ ಆಹ್ವಾನವನ್ನೂ ಅವುಗಳ ಮೇಲೆ ಬರೆದಿರುತ್ತಾರೆ. ಮಂಡಿನೋವಿನ ತಾಯಿಯನ್ನು ಕರೆದುಕೊಂಡು ಹೋದ ಯಾವ ಗೃಹಸ್ಥನಿಗೆ ಈ ದೂರಿನ ನ್ಯಾಯವು ತಿಳಿಯದು? ಅಂಗವಿಕಲರು ಕೇಳಿ ಪಡೆದ ಬೆಂಚಿನಲ್ಲಿ ಬಸುರಿ ಹೆಂಗಸೂ ದಣಿದ ಮಗುವೂ ಕುಳಿತುಕೊಳ್ಳುವರು.

ನಮ್ಮ ದೇಶಕ್ಕೂ ಇದು ಹೊಸ ಮಾತಲ್ಲ. 1904ರಲ್ಲಿ ಹುಟ್ಟಿದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಬಾಲ್ಯದಿಂದಲೂ ಒಂದು ಕಣ್ಣು ಕಾಣದು, ಇನ್ನೊಂದು ಮಂದ. ಆದರೂ ಶಾಂತಿನಿಕೇತನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಮಹಾಚಿತ್ರವನ್ನು ಬರೆದರು. ಬಳಿಕ ನೇಪಾಳಕ್ಕೆ ಹೋಗಿ ಕಾಠ್ಮಂಡುವಿನ ಸಂಗ್ರಹಾಲಯದ ಕೆಲಸವನ್ನು ವಹಿಸಿಕೊಂಡರು. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ತರುವಾಯ ಉಳಿದ ದೃಷ್ಟಿಯೂ ಹೋಯಿತು. ಆಗಲೂ ಅವರ ಕೈ ನಿಲ್ಲಲಿಲ್ಲ. ಕಾಗದವನ್ನು ಕತ್ತರಿಸಿ ಅಂಟಿಸಿ ಚಿತ್ರಗಳನ್ನು ರಚಿಸಿದರು, 1972ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ಭಿತ್ತಿಚಿತ್ರವನ್ನು ಮಾಡಿದರು. ಅವರ ಶಿಷ್ಯರಾದ ಸತ್ಯಜಿತ್ ರಾಯ್ ಅವರು ಅದೇ ವರ್ಷ ಗುರುವಿನ ವಿಷಯವಾಗಿ ಒಂದು ಚಲನಚಿತ್ರವನ್ನು ತೆಗೆದರು. ಒಳಗಣ್ಣು ಎಂಬುದೇ ಅದರ ಹೆಸರಿನ ಅರ್ಥ.

ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ 2015ರಲ್ಲಿ "ಅನುಭವ" ಎಂಬ ಹೆಸರಿನ, ಪ್ರತಿಕೃತಿಗಳನ್ನು ಮುಟ್ಟಿ ನೋಡುವ ವಿಭಾಗವನ್ನು ಏರ್ಪಡಿಸಲಾಯಿತು. ಅಂಗವಿಕಲರ ಹಕ್ಕುಗಳ ವಿಷಯವಾಗಿ 2016ರಲ್ಲಿ ಆದ ಕಾನೂನಿನ 29ನೆಯ ಪ್ರಕರಣವು, ಅವರ ಸಾಂಸ್ಕೃತಿಕ ಜೀವನಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡುವುದು ಸರ್ಕಾರದ ಹೊಣೆಯೆಂದು ಹೇಳುತ್ತದೆ. ಅಂಗವಿಕಲರ ಚರಿತ್ರೆಯನ್ನು ತಿಳಿಸುವ ಸಂಗ್ರಹಾಲಯವನ್ನೂ ಅದರಲ್ಲಿ ಸೇರಿಸಿದೆ. ಆದುದರಿಂದ ಇದು ಬೇಡಿ ಪಡೆಯತಕ್ಕ ಕೃಪೆಯಲ್ಲ. ಕೇಳಿ ಪಡೆಯತಕ್ಕ ಹಕ್ಕು.

ಇಷ್ಟನ್ನೂ ನೋಡಿದರೆ ಒಂದು ಅಂಶವು ಸ್ಪಷ್ಟವಾಗುತ್ತದೆ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ಎಲ್ಲಿ ಬೇಕು, ಫಲಕವು ಎಷ್ಟು ಎತ್ತರದಲ್ಲಿರಬೇಕು, ಕೈಗೆ ಯಾವುದನ್ನು ಕೊಡಬೇಕು ಎಂಬುದನ್ನು ಅದರ ಅಗತ್ಯವಿರುವವರು ಬಲ್ಲಷ್ಟು ಬೇರೆಯವರು ಬಲ್ಲರೆ? ಅವರನ್ನು ಅತಿಥಿಗಳಾಗಿ ಕರೆದರೆ ಸಾಲದು. ಆಲೋಚನೆಯ ಮಣೆಯ ಮೇಲೆಯೇ ಕುಳ್ಳಿರಿಸಬೇಕು.

ನಮ್ಮ ಮನೆಗಳಲ್ಲಿಯೂ ಮುಪ್ಪಿನಿಂದ ದೃಷ್ಟಿ ಮಂಜಾದ ಹಿರಿಯರಿದ್ದಾರೆ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಸಂಗ್ರಹಾಲಯಕ್ಕೆ ಹೊರಟಾಗ, "ಕಾಣದವರಿಗೆ ಅಲ್ಲೇನು ಕೆಲಸ" ಎಂದು ಅವರನ್ನು ಮನೆಯಲ್ಲಿ ಬಿಟ್ಟು ಹೋಗದಿರೋಣ. ಮುಟ್ಟಿ ನೋಡುವಂಥದು ಏನಾದರೂ ಉಂಟೆ ಎಂದು ಬಾಗಿಲಲ್ಲಿಯೇ ಅಧಿಕಾರಿಗಳನ್ನು ವಿಚಾರಿಸೋಣ. ಇಲ್ಲವೆಂದರೆ, ಏತಕ್ಕಿಲ್ಲವೆಂದು ವಿನಯದಿಂದ ಬರೆದು ಕೇಳೋಣ. ತಾತನ ಬೆರಳುಗಳು ಕಲ್ಲಿನ ಕೈಯನ್ನು ತಡವಿ, ಬಳೆ ದಾಟಿ, ಹಿಡಿದ ತಾವರೆಯ ಮೊಗ್ಗನ್ನು ಮುಟ್ಟಿದಾಗ, ಅದು ಏನೆಂದು ಮೊಮ್ಮಗನಿಗೆ ಅವರೇ ಹೇಳುವರು.