ಸಾಂಗಲಿಯ ಪೇಢಿಯೂ ನೌಪಾಡೆಯ ಗಿರಾಕಿಯೂ

ದಸರಾ, ಧನತ್ರಯೋದಶಿ, ಅಕ್ಷಯ ತೃತೀಯೆಗಳಂದು ನೌಪಾಡೆಯ ಗೋಖಲೆ ರಸ್ತೆಯಲ್ಲೂ ರಾಮ ಮಾರುತಿ ರಸ್ತೆಯಲ್ಲೂ ಸರಾಫರ ಅಂಗಡಿಗಳ ಮುಂದೆ ನೆರೆಯುವ ಜನಸಂದಣಿಯನ್ನು ಕಾಣದ ವಾಚಕರು ವಿರಳ. ಹೋಟೆಲುಗಳಲ್ಲಿ ದುಡಿದು, ತಿಂಗಳು ತಿಂಗಳೂ ಕೂಡಿಟ್ಟ ಹಣದಿಂದ ಮಗಳ ಮದುವೆಗೆಂದು ಒಂದೆಳೆ ಸರ ಕೊಳ್ಳಬಂದ ನಮ್ಮ ನಾಡಿನ ಬಂಧುಗಳೂ ಆ ಸಂದಣಿಯಲ್ಲಿರುವರು. ಊರಿನಿಂದ ದೂರವಿದ್ದು ಬಾಳುವವರಿಗೆ ಚಿನ್ನವು ವಿಲಾಸದ ವಸ್ತುವಲ್ಲ, ಆಪತ್ಕಾಲದ ಧನ. ಆದರೆ ಅದರ ಶುದ್ಧತೆಯು ಬರಿಗಣ್ಣಿಗೆ ತೋರುವಂಥದಲ್ಲ. ಹೀಗಿರುವಾಗ ಅವರು ಯಾವ ಧೈರ್ಯದಿಂದ ಕೊಳ್ಳುವರು? ಗಾಡಗೀಳ ಮನೆತನದ ಪೇಢಿಯ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಓದಬೇಕು.

ಗಣೇಶ ನಾರಾಯಣ ಗಾಡಗೀಳರು 1832ರಲ್ಲಿ ಸಾಂಗಲಿಯಲ್ಲಿ ಈ ಪೇಢಿಯನ್ನು ಸ್ಥಾಪಿಸಿದರು. ಅಂದಿನ ಸಾಂಗಲಿಯು ಪಟವರ್ಧನ ಅರಸರ ರಾಜಧಾನಿ. ಈಗ ಕರ್ನಾಟಕದಲ್ಲಿರುವ ತೇರದಾಳ, ಶಿರಹಟ್ಟಿಗಳು ಆ ಸಂಸ್ಥಾನಕ್ಕೆ ಸೇರಿದ್ದುವು. ಇಂದಿಗೂ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹಲವು ಗ್ರಾಮಗಳಲ್ಲಿ ಕನ್ನಡವೇ ಮನೆಮಾತು. ಆದುದರಿಂದ ಸಾಂಗಲಿಯ ಹೆಸರು ಕನ್ನಡಿಗರಿಗೆ ಪರಕೀಯವಲ್ಲ.

ಮುಂದಿನ ಪೀಳಿಗೆಯ ಪುರುಷೋತ್ತಮ ನಾರಾಯಣ ಗಾಡಗೀಳರ ಹೆಸರೇ ಪೇಢಿಗೆ ನಿಂತಿತು, 'ಪಿ. ಎನ್. ಜಿ.' ಎಂಬ ಮೂರಕ್ಷರಗಳು ಅದರ ಸಂಕ್ಷೇಪ. ಸುಮಾರು ಒಂದೂಕಾಲು ಶತಮಾನ ಸಾಂಗಲಿಯಲ್ಲಿ ಬೇರೂರಿದ ತರುವಾಯ, 1958ರಲ್ಲಿ 'ದಾಜಿಕಾಕಾ' ಎಂದೇ ಖ್ಯಾತರಾದ ಅನಂತ ಗಣೇಶ ಗಾಡಗೀಳರು ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಅಂಗಡಿಯನ್ನು ತೆರೆದರು. ಪೇಢಿಯ ಕೀರ್ತಿಯನ್ನು ದೂರದವರೆಗೆ ಹಬ್ಬಿಸಿದುದು ಈ ಅಂಗಡಿಯೇ.

ಅದು ನೆಲೆಯೂರುತ್ತಿದ್ದ ಕಾಲದಲ್ಲೇ ಅಗ್ನಿಪರೀಕ್ಷೆ ಒದಗಿತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದರು. 14 ಕ್ಯಾರಟಿಗಿಂತ ಶುದ್ಧವಾದ ಹೊಸ ಆಭರಣಗಳ ತಯಾರಿಕೆ ನಿಷಿದ್ಧವಾಯಿತು. 22 ಕ್ಯಾರಟಿನಲ್ಲಿ ನೂರಕ್ಕೆ 91.6 ಪಾಲು ಚಿನ್ನವಿದ್ದರೆ, 14 ಕ್ಯಾರಟಿನಲ್ಲಿರುವುದು 58.3 ಪಾಲು ಮಾತ್ರ. ಅಂಥ ಒಡವೆಯನ್ನು ನಮ್ಮ ಹೆಂಗಸರು ಒಲ್ಲೆನೆಂದರು. ದೊಡ್ಡ ಸರಾಫರು ಹೇಗೋ ತಾಳಿಕೊಂಡರು. ದಿನದ ಮಜೂರಿಯನ್ನೇ ನಂಬಿದ ಅಕ್ಕಸಾಲಿಗರ ಸಂಸಾರಗಳು ಬೀದಿಪಾಲಾದುವು. ಕ್ಯಾರಟಿನ ನಿರ್ಬಂಧವು 1966ರಲ್ಲಿ ಸಡಿಲಿತು. 1968ರ ಚಿನ್ನ ನಿಯಂತ್ರಣ ಕಾಯಿದೆಯಾದರೋ ರದ್ದಾದುದು 1990ರಲ್ಲಿ. ಅಷ್ಟರೊಳಗೆ ತಂದೆಯ ಕುಲುಮೆಯನ್ನು ಬಿಟ್ಟು ಬೇರೆ ಉದ್ಯೋಗ ಹಿಡಿದ ಮಕ್ಕಳೆಷ್ಟೋ.

2012ರಲ್ಲಿ ಪುಣೆಯ ವ್ಯವಹಾರವು ಕುಟುಂಬದೊಳಗೆ ಎರಡಾಗಿ ಕವಲೊಡೆಯಿತು. ದಾಜಿಕಾಕಾ ಅವರು 2014ರ ಜನವರಿಯಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು. ಆ ಕವಲುಗಳಲ್ಲೊಂದಾದ ಪಿ. ಎನ್. ಗಾಡಗೀಳ ಜ್ಯುವೆಲರ್ಸ್ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ 1,100 ಕೋಟಿ ರೂಪಾಯಿಗಳ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಒಂದು ಮನೆತನದ ಮಾತು ಹೀಗೆ ಷೇರುಪೇಟೆಯ ಸರಕೂ ಆಯಿತು.

ಗಿರಾಕಿಯ ಅಜ್ಞಾನಕ್ಕೂ ಮಾರುವವನ ತಕ್ಕಡಿಗೂ ನಡುವೆ ಬಹುಕಾಲ ನಿಂತಿದ್ದುದು ಹಳೆಯ ಹೆಸರೊಂದೇ. ಹೆಸರಿಲ್ಲದ ಸಣ್ಣ ಚಿನಿವಾರನು ಎಷ್ಟೇ ಪ್ರಾಮಾಣಿಕನಾದರೂ ಅದನ್ನು ಸಿದ್ಧಪಡಿಸಲು ಅವನಿಗೆ ದಾರಿಯಿರಲಿಲ್ಲ. ಆ ದಾರಿಯನ್ನು ಹಾಲ್‌ಮಾರ್ಕ್ ಮುದ್ರೆಯು ತೆರೆದಿದೆ. ಭಾರತೀಯ ಮಾನಕ ಸಂಸ್ಥೆಯು 2000ದಲ್ಲಿ ಇದನ್ನು ಆರಂಭಿಸಿತು. 2021ರ ಜೂನ್ 16ರಿಂದ, ಮೊದಲು 256 ಜಿಲ್ಲೆಗಳಲ್ಲಿ, ಇದು ಕಡ್ಡಾಯವಾಯಿತು. 2023ರ ಏಪ್ರಿಲಿನಿಂದ ಮುದ್ರೆಯೊಡನೆ ಆರು ಅಕ್ಷರಾಂಕಗಳ ಸಂಕೇತವೂ ಇರತಕ್ಕದ್ದು.

ಆದುದರಿಂದ ನಮ್ಮ ಬಂಧುಗಳಲ್ಲಿ ವಿನಂತಿಯೇನೆಂದರೆ, ಅಂಗಡಿಯು ದೊಡ್ಡದಿರಲಿ ಸಣ್ಣದಿರಲಿ, ಒಡವೆಯ ಮೇಲೆ ತ್ರಿಕೋನದ ಚಿಹ್ನೆ, 22 ಕ್ಯಾರಟಿಗೆ 916 ಎಂಬ ಅಂಕೆ, ಆರು ಅಕ್ಷರಾಂಕಗಳ ಸಂಕೇತ—ಈ ಮೂರನ್ನೂ ಭೂತಗನ್ನಡಿಯಲ್ಲಿ ನೋಡಿರಿ. ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಕೇತವನ್ನು ಪರೀಕ್ಷಿಸಬಹುದು. ಚಿನ್ನದ ತೂಕ, ಹರಳಿನ ತೂಕ, ಮಜೂರಿಗಳನ್ನು ಬೇರೆಬೇರೆಯಾಗಿ ಬರೆದ ರಸೀದಿಯನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚಪಡಬೇಡಿರಿ, ತೂಗುತ್ತಿರುವುದು ನಿಮ್ಮ ಬೆವರನ್ನೇ.