ಬೆಲೆ ಕುರ್ಚಿಗಲ್ಲ, ಅವಸರಕ್ಕೆ

ನ್ಯೂಯಾರ್ಕಿನಿಂದ ಸಂಜೆ ಹೊರಟ ವಿಮಾನ ಮಾರನೆಯ ಬೆಳಿಗ್ಗೆ ಲಂಡನ್ ತಲುಪುತ್ತದೆ. ಹಾರಾಟ ಆರೇಳು ಗಂಟೆಯದು. ಒಂದೇ ವಿಮಾನದಲ್ಲಿ ಮುಂಭಾಗದವರು ಕಾಲು ಚಾಚಿ ಮಲಗುತ್ತಾರೆ, ಹಿಂಭಾಗದವರು ಮೊಣಕಾಲು ಮಡಚಿ ಕೂರುತ್ತಾರೆ. ಮುಂದಿನವರು ಹಲವು ಪಟ್ಟು ಹೆಚ್ಚು ಹಣ ತೆತ್ತಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮುಂಭಾಗದಲ್ಲೇ ಅಕ್ಕಪಕ್ಕ ಮಲಗಿದ ಇಬ್ಬರ ಟಿಕೆಟ್ ದರ ಒಂದೇ ಆಗಿರಬೇಕಿಲ್ಲ. ಒಬ್ಬರು ಕೊಟ್ಟದ್ದರ ಅರ್ಧವನ್ನಷ್ಟೇ ಇನ್ನೊಬ್ಬರು ಕೊಟ್ಟಿರಬಹುದು. ಹಾಸಿಗೆ ಒಂದೇ, ಊಟ ಒಂದೇ, ಬೆಲೆ ಮಾತ್ರ ಬೇರೆ. ಇದೇಕೆ ಹೀಗೆ? ಉತ್ತರ ಬಿಜಿನೆಸ್ ಕ್ಲಾಸ್ ಹುಟ್ಟಿದ ಕಥೆಯಲ್ಲೇ ಇದೆ.

ತಟ್ಟೆಯ ಮೇಲಿನ ಜಗಳ

ಎರಡನೇ ಮಹಾಯುದ್ಧದ ನಂತರ ಅಟ್ಲಾಂಟಿಕ್ ಸಾಗರದ ಮೇಲಿನ ವಿಮಾನ ದರವನ್ನು ಪೈಪೋಟಿ ನಿರ್ಧರಿಸುತ್ತಿರಲಿಲ್ಲ. 1945ರಲ್ಲಿ ಹವಾನಾ ನಗರದಲ್ಲಿ ಸ್ಥಾಪನೆಯಾದ ಐಯಾಟಾ ಎಂಬ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಸಭೆಗಳಲ್ಲಿ ಕಂಪನಿಗಳು ಒಟ್ಟಿಗೆ ಕುಳಿತು ದರ ಗೊತ್ತುಮಾಡುತ್ತಿದ್ದವು. ಆಯಾ ಸರ್ಕಾರಗಳು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತುತ್ತಿದ್ದವು. 1952ರಲ್ಲಿ ಟೂರಿಸ್ಟ್ ದರ್ಜೆ, 1958ರಲ್ಲಿ ಅದಕ್ಕಿಂತ ಅಗ್ಗದ ಎಕಾನಮಿ ದರ್ಜೆ ಬಂದವು. ಎಕಾನಮಿಯವರಿಗೆ ಸಾದಾ ತಣ್ಣನೆಯ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕೆಂಬ ಕಟ್ಟಳೆಯೂ ಇತ್ತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ತನ್ನ ನಾಡಿನ ಪದ್ಧತಿಯಂತೆ ಒಂದೇ ಹೋಳು ಬ್ರೆಡ್ಡಿನ ಮೇಲೆ ಬಗೆಬಗೆಯ ಖಾದ್ಯ ಹೇರಿ ಬಡಿಸಿತು. ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು. ಕೊನೆಗೆ ಎಸ್‌ಎಎಸ್ 20,000 ಡಾಲರ್ ದಂಡ ತೆರಬೇಕಾಯಿತು. ದರದಲ್ಲಿ ಪೈಪೋಟಿ ಇಲ್ಲದಿದ್ದಾಗ ಜಗಳ ತಟ್ಟೆಯ ಮೇಲೆ ನಡೆದಿತ್ತು!

ಈ ಏಕದರದ ಕಾಲವನ್ನು ಅಲುಗಾಡಿಸಿದ್ದು ದೊಡ್ಡ ವಿಮಾನ. 1970ರ ಜನವರಿಯಲ್ಲಿ ಪ್ಯಾನ್ ಆಮ್‌ನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ ಹಾರಿತು. ಒಮ್ಮೆಗೇ ಮುನ್ನೂರಕ್ಕೂ ಹೆಚ್ಚು ಆಸನ ತುಂಬಿಸುವ ಕೆಲಸ ಕಂಪನಿಗಳ ತಲೆಯ ಮೇಲೆ ಬಿತ್ತು. ಬಹಳ ಮುಂಚೆ ಟಿಕೆಟ್ ಕೊಂಡವರಿಗೆ ರಿಯಾಯಿತಿ ಬಂತು. 1977ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಫ್ರೆಡ್ಡಿ ಲೇಕರ್ ತಮ್ಮ 'ಸ್ಕೈಟ್ರೇನ್' ಹಾರಿಸಿ, ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡ್ ಎಂದು ಸಾರಿದರು. ಉಳಿದವರೂ ದರ ಇಳಿಸದೆ ವಿಧಿಯಿರಲಿಲ್ಲ.

ಪರದೆ ಎಳೆದದ್ದು ಯಾರಿಗಾಗಿ?

ಈಗ ಹೊಸ ತಕರಾರು ಎದ್ದಿತು. ಕಂಪನಿ ಕೆಲಸಕ್ಕೆಂದು ಕೊನೆ ಗಳಿಗೆಯಲ್ಲಿ ಪೂರ್ತಿ ದರ ಕೊಟ್ಟು ಬಂದವನ ಪಕ್ಕದಲ್ಲೇ, ಎಷ್ಟೋ ಕಡಿಮೆ ಕೊಟ್ಟ ಪ್ರವಾಸಿ ಕುಳಿತಿರುತ್ತಿದ್ದ. ಇಬ್ಬರಿಗೂ ಒಂದೇ ಇಕ್ಕಟ್ಟು. 'ನಾನು ಹೆಚ್ಚು ಕೊಟ್ಟಿದ್ದೇಕೆ?' ಎಂಬ ಅವನ ಪ್ರಶ್ನೆಗೆ ಕಂಪನಿಗಳು ಪರದೆ ಎಳೆದು ಉತ್ತರ ಕೊಟ್ಟವು. 1978ರಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಪ್ಯಾನ್ ಆಮ್ ಪೂರ್ತಿ ದರದವರಿಗೆ ಬೇರೆ ವಿಭಾಗ ಮಾಡಿದವು. ಮರುವರ್ಷ ಆಸ್ಟ್ರೇಲಿಯಾದ ಕ್ವಾಂಟಾಸ್ 'ಬಿಜಿನೆಸ್ ಕ್ಲಾಸ್' ಎಂಬ ಹೆಸರನ್ನೇ ಬಳಸಿತು. ಆರಂಭದಲ್ಲಿ ಅಲ್ಲಿ ಸಿಗುತ್ತಿದ್ದದ್ದು ಕೊಂಚ ನೆಮ್ಮದಿ, ಕೊಂಚ ಉಪಚಾರ. ಕುರ್ಚಿ ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗಲು 2000ದವರೆಗೆ, ಬ್ರಿಟಿಷ್ ಏರ್‌ವೇಸ್ ಅದನ್ನು ತರುವವರೆಗೆ, ಕಾಯಬೇಕಾಯಿತು.

ಎಂದರೆ ಬಿಜಿನೆಸ್ ಕ್ಲಾಸ್ ಮೂಲದಲ್ಲಿ ಸಿರಿವಂತರ ವಿಲಾಸವಲ್ಲ. ಅವಸರದವನಿಗೆ ಹೇಳಿದ ಸಮಾಧಾನ. 1980ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮುಂತಾದವು ಕಂಪ್ಯೂಟರಿನ ನೆರವಿನಿಂದ ಈ ಲೆಕ್ಕವನ್ನು ಇನ್ನೂ ಸೂಕ್ಷ್ಮಗೊಳಿಸಿದವು. ಒಂದೇ ಬಗೆಯ ಆಸನಗಳನ್ನು ಹಲವು ದರಗಳ ಗುಂಪುಗಳಾಗಿ ಹಂಚಿ, ಯಾವ ಗುಂಪನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಯಂತ್ರವೇ ಲೆಕ್ಕ ಹಾಕತೊಡಗಿತು. ಆಸನ ಖಾಲಿ ಹಾರಿದರೆ ಅದರ ಆದಾಯ ಮತ್ತೆ ಬಾರದು. ಅಗ್ಗಕ್ಕೆ ಮಾರಿದರೆ ನಾಳೆ ಬರುವ ಅವಸರದ ಗಿರಾಕಿ ತಪ್ಪಿಹೋದಾನು. ಈ ಎರಡು ಭಯಗಳ ನಡುವೆ ದರ ತೂಗಾಡುತ್ತದೆ.

ಅಗ್ಗ ಯಾವಾಗ, ಎಲ್ಲಿ?

ಈ ಗುಟ್ಟು ತಿಳಿದರೆ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಆಫೀಸಿನವರು ಹಾರದಿರುವಾಗ ಹಾರಬೇಕು. ಯುರೋಪ್ ರಜೆಯಲ್ಲಿರುವ ಜುಲೈ, ಆಗಸ್ಟ್ ಮತ್ತು ಕ್ರಿಸ್‌ಮಸ್ ವಾರಗಳಲ್ಲಿ ಎಕಾನಮಿ ತುಂಬಿ ತುಳುಕಿದರೂ ಮುಂಭಾಗದಲ್ಲಿ ವ್ಯಾಪಾರಸ್ಥರು ವಿರಳ. ಮೊದಲೇ ಕೊಂಡವರಿಗೆ ಆಗ ರಿಯಾಯಿತಿ ಸಿಗುವುದುಂಟು. ಹಲವು ಅಗ್ಗದ ದರಗಳಿಗೆ ಮುಂಗಡ ಖರೀದಿ, ಶನಿವಾರದ ರಾತ್ರಿ ಅಲ್ಲಿಯೇ ತಂಗುವುದು, ಹೋಗಿಬರುವ ಟಿಕೆಟ್ ಒಟ್ಟಿಗೆ ಕೊಳ್ಳುವುದು ಮುಂತಾದ ಷರತ್ತುಗಳಿರುತ್ತವೆ. ವಾರಾಂತ್ಯಕ್ಕೆ ಮನೆ ಸೇರಲೇಬೇಕಾದವನನ್ನು ದೂರವಿಡುವ ಬೇಲಿಗಳಿವು. ಬಿಡುವಿದ್ದವರಿಗೆ ಇವು ಬೇಲಿಯಲ್ಲ, ಬಾಗಿಲು.

ನೇರ ವಿಮಾನಕ್ಕೆ ಬೆಲೆ ಹೆಚ್ಚು, ಸುತ್ತಿನ ದಾರಿಗೆ ಕಡಿಮೆ. ನ್ಯೂಯಾರ್ಕಿನಿಂದ ಪ್ಯಾರಿಸಿಗೆ ನೇರ ಹೋಗುವ ಬದಲು ಲಿಸ್ಬನ್ ಅಥವಾ ಡಬ್ಲಿನ್‌ನಲ್ಲಿ ವಿಮಾನ ಬದಲಿಸಿದರೆ ಹಣ ಉಳಿಯಬಹುದು. ಹೋಗುವ ಪಯಣ ರಾತ್ರಿಯದು, ಅಲ್ಲಿ ಹಾಸಿಗೆ ಬೇಕು. ಮರಳುವುದು ಸಾಮಾನ್ಯವಾಗಿ ಹಗಲಿನಲ್ಲಿ. ಅದಕ್ಕೆ ಪ್ರೀಮಿಯಂ ಎಕಾನಮಿ ಸಾಕು. ಎರಡನ್ನೂ ಬೆರೆಸಿ ಕೊಳ್ಳಬಹುದು. ಬ್ರಿಟನ್ನಿನಲ್ಲಿ ಪ್ರಯಾಣ ಆರಂಭಿಸುವವರಿಗೆ ಸರ್ಕಾರ ವಿಧಿಸುವ ತೆರಿಗೆ ಮೇಲ್ದರ್ಜೆಗೆ ಹೆಚ್ಚು. ಆದ್ದರಿಂದ ಲಂಡನ್ ತಲುಪಿದವರು ಮರಳುವ ಪಯಣವನ್ನು ಬೇರೆ ದೇಶದಿಂದ ಆರಂಭಿಸುವುದೂ ಒಂದು ಲೆಕ್ಕಾಚಾರ.

ಅಗ್ಗದ ಅಪಾಯ

ಅಗ್ಗಕ್ಕೂ ಅಪಾಯವಿದೆ. ಲೇಕರ್ ಅವರ ಕಂಪನಿ 1982ರ ಫೆಬ್ರುವರಿಯಲ್ಲಿ ಮುಳುಗಿತು. ಬಿಜಿನೆಸ್ ಕ್ಲಾಸ್ ಆಸನಗಳನ್ನೇ ತುಂಬಿ ಕಡಿಮೆ ದರಕ್ಕೆ ಸಾಗರ ದಾಟಿಸುತ್ತೇವೆಂದು ಹೊರಟ ಮ್ಯಾಕ್ಸ್‌ಜೆಟ್ 2007ರ ಕ್ರಿಸ್‌ಮಸ್ ಮುನ್ನಾದಿನ ಬಾಗಿಲು ಹಾಕಿತು. ಇಯೋಸ್ ಮತ್ತು ಸಿಲ್ವರ್‌ಜೆಟ್ 2008ರಲ್ಲಿ ಅದೇ ದಾರಿ ಹಿಡಿದವು. ಟಿಕೆಟ್ ಕೊಂಡಿದ್ದವರು ಅತಂತ್ರರಾದರು. ಇದೇ ಮಾದರಿಯಲ್ಲಿ 2014ರಲ್ಲಿ ಆರಂಭವಾದ ಫ್ರಾನ್ಸಿನ ಲಾ ಕಂಪನಿ, 76 ಆಸನಗಳ ವಿಮಾನಗಳಲ್ಲಿ ನೆವಾರ್ಕ್ ಮತ್ತು ಪ್ಯಾರಿಸ್ ನಡುವೆ ಹಾರಾಟ ಬೆಳೆಸಿ ಉಳಿದುಕೊಂಡಿತು. ಆದ್ದರಿಂದ ಹೊಸ ಕಂಪನಿಯ ಟಿಕೆಟ್ಟಿಗೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಡುವುದು ಜಾಣತನ. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ಹಣ ಕೇಳುವ ಹಕ್ಕು ಉಳಿಯುತ್ತದೆ. ಪ್ರಯಾಣಕ್ಕೆ ಏಳು ದಿನ ಅಥವಾ ಹೆಚ್ಚು ಇರುವಾಗ ಕಂಪನಿಯಿಂದಲೇ ಕಾಯ್ದಿರಿಸಿದ ಟಿಕೆಟ್ಟನ್ನು 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಇಲ್ಲವೇ ಹಣ ಕಟ್ಟದೆ ಅದೇ ದರವನ್ನು ಕಾದಿರಿಸಲು ಅಮೆರಿಕದ ನಿಯಮ ಅವಕಾಶ ಕೊಡುತ್ತದೆ.

ಫ್ರಾಂಕ್‌ಫರ್ಟ್, ಲಂಡನ್ ಮಾರ್ಗವಾಗಿ ಬೆಂಗಳೂರಿಗೆ ಬರುವ ಅಮೆರಿಕದ ಕನ್ನಡಿಗರು ದಾಟುವುದೂ ಇದೇ ಸಾಗರವನ್ನು. ಮಂಡಿನೋವಿನ ತಂದೆತಾಯಿಯನ್ನು ಕಳಿಸಿಕೊಡುವವರಿಗೆ ಆ ಹಾಸಿಗೆ ಶೋಕಿಯಲ್ಲ. ಆದರೆ ಅಗ್ಗವೆಂದು ಯುರೋಪಿನವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಆ ಹಣ ಹೋದಂತೆಯೇ. ಇಡೀ ಪಯಣಕ್ಕೆ ಒಂದೇ ಟಿಕೆಟ್ ಇದ್ದರೆ ಮುಂದಿನ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ವಯಸ್ಸಾದವರ ವಿಷಯದಲ್ಲಿ ಉಳಿತಾಯಕ್ಕಿಂತ ಆ ಹೊಣೆಯೇ ಹೆಚ್ಚು ಬೆಲೆಯುಳ್ಳದ್ದು.