ಉಪ್ಪುನೀರಿನ ಹೊಸ ತೊಟ್ಟಿಯೂ ಅದರ ಪಾಚಿಯೂ

ಹಳೆಯ ವಿದ್ಯಾರ್ಥಿನಿಯರು ನಮ್ಮ ವಿಜ್ಞಾನದ ಕೊಠಡಿಗೆ ಪ್ರೀತಿಯಿಂದ ಒದಗಿಸಿಕೊಟ್ಟ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ನೋಡಬಂದ ಹೆತ್ತವರಲ್ಲಿ ಕೆಲವರು, ಅದರೊಳಗಿನ ಕಲ್ಲೂ ಮರಳೂ ಕಂದುಬಣ್ಣದ ಪೊರೆ ಹಿಡಿದಿರುವುದನ್ನು ಕಂಡು, ಮಕ್ಕಳು ಅದನ್ನು ತೊಳೆಯದೆ ಬಿಟ್ಟಿರುವರೆಂದು ಭಾವಿಸಿದರು. ದಾನವಿತ್ತವರೂ ಹಾಗೆಯೇ ಎಣಿಸಬಾರದೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ. ಸಂಗತಿಯು ತದ್ವಿರುದ್ಧವಾದುದು: ಒಮ್ಮೆ ಅತಿಯಾಗಿ ತೊಳೆದದ್ದೇ ನಮ್ಮ ತಪ್ಪು.

ಮೀನುಗಳ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯವೆಂಬ ವಿಷವು ಹುಟ್ಟುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಕೇಡಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವು ಕಲ್ಲುಮರಳುಗಳ ಮೇಲೆ ನೆಲಸಿ ಸಾಕಷ್ಟು ಹೆಚ್ಚುವುದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಅಷ್ಟರಲ್ಲಿಯೇ ಬರಿದಾದ ಕಲ್ಲುಗಳನ್ನು ಆಕ್ರಮಿಸುವುದು ಡಯಾಟಮ್ ಎಂಬ ಕಂದು ಪಾಚಿ. ಅದರ ಒಂದೊಂದು ಕಣವೂ ಸಿಲಿಕದಿಂದ ಗಾಜಿನಂಥ ಚಿಪ್ಪನ್ನು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಚಿಪ್ಪಿನ ಕೆತ್ತನೆಯನ್ನು ನೋಡಿದ ಮೇಲೆ ನಮ್ಮ ಹುಡುಗಿಯರು ಅದನ್ನು ಹೊಲಸೆಂದು ಕರೆಯುವುದನ್ನು ಬಿಟ್ಟರು. ನೀರಿನಲ್ಲಿ ಕರಗಿದ ಸಿಲಿಕೇಟ್ ಮುಗಿದರೆ ಈ ಪೊರೆಯು ಹೆಚ್ಚಾಗಿ ತಾನಾಗಿಯೇ ಕ್ಷೀಣಿಸುವುದು. ಆದರೆ ಹಿಂದೆಯೇ ಬರುವ ಹಸುರು ಕೂದಲಿನಂಥ ಪಾಚಿಯು ಅಷ್ಟು ಸುಲಭವಾಗಿ ಹೋಗದು. ನೈಟ್ರೇಟೂ ಫಾಸ್ಫೇಟೂ ಬೆಳಕೂ ದೊರೆಯುವವರೆಗೆ ಬೆಳೆಯುತ್ತಲೇ ಇರುತ್ತದೆ.

ಇದನ್ನು ಅರಿಯದೆ, ಮೂರನೆಯ ವಾರದಲ್ಲಿ ಶಾಲೆಯ ಉತ್ಸವವು ಸಮೀಪಿಸಿತೆಂದು, ಕಲ್ಲುಮರಳುಗಳನ್ನೆಲ್ಲ ಹೊರತೆಗೆದು ನಲ್ಲಿಯ ನೀರಿನಲ್ಲಿ ಉಜ್ಜಿ ತೊಳೆದೆವು. ಸಿಹಿನೀರೂ ಅದರಲ್ಲಿದ್ದ ಕ್ಲೋರಿನ್ನೂ ಆಗತಾನೇ ನೆಲಸಿದ್ದ ಅಣುಜೀವಿಗಳನ್ನು ಕೊಂದವು. ತೊಟ್ಟಿಯು ಹೊಳೆಯಿತು; ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದವು. ಇದ್ದ ಮೂರರಲ್ಲಿ ಎರಡು ಉತ್ಸವಕ್ಕೆ ಮುಂಚೆಯೇ ಸತ್ತವು. ಅವುಗಳಿಗೆ ಹೆಸರಿಟ್ಟಿದ್ದ ಚಿಕ್ಕ ತರಗತಿಯ ಮಕ್ಕಳಿಗೆ ಕಾರಣ ಹೇಳುವುದು ನಮಗೆ ಸುಲಭವಾಗಲಿಲ್ಲ.

ಇಂಥ ತೊಟ್ಟಿಯನ್ನು ಮೊದಲಾಗಿ ನಡೆಸಿದವರಲ್ಲಿ ಒಬ್ಬರು ಆಂಗ್ಲ ಪಾದ್ರಿಯೊಬ್ಬರ ಪತ್ನಿಯೆಂಬುದು ನಮ್ಮ ವಾಚಕಿಯರಿಗೆ ಸಂತೋಷದ ವಿಷಯವಾದೀತು. ಆನಾ ಥಿನ್ ಎಂಬವರು 1846ರಲ್ಲಿ ಟಾರ್ಕಿಯ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದರು. ನೀರಿಗೆ ಗಾಳಿ ಬೆರೆಯಲೆಂದು ಕಿಟಕಿಯ ಬಳಿ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಿಸುತ್ತಿದ್ದರು. ತರುವಾಯ ಕಡಲ ಸಸ್ಯಗಳನ್ನೂ ಅದರಲ್ಲಿ ಇರಿಸಿದರು. ಜೀವಿಗಳು ಬಿಟ್ಟದ್ದನ್ನು ಸಸ್ಯಗಳು ಹೀರುವುವು, ಸಸ್ಯಗಳು ಕೊಡುವ ಆಮ್ಲಜನಕವನ್ನು ಜೀವಿಗಳು ಉಸಿರಾಡುವುವು. ನಮ್ಮ ಪಾಚಿ ಮಾಡುತ್ತಿದ್ದುದೂ ಅದೇ ಕೆಲಸವೇ. ಕರೆಯದೆ ಬಂದದ್ದೆಂಬುದಷ್ಟೇ ಅದರ ಅಪರಾಧ.

ಈಗ ನಮ್ಮ ಕ್ರಮ ಬೇರೆ. ಬಿಸಿಲು ನೇರವಾಗಿ ಬೀಳದಂತೆ ಕಿಟಕಿಗೆ ಪರದೆ ಹಾಕಿದ್ದೇವೆ; ದೀಪವು ದಿನಕ್ಕೆ 7 ತಾಸು ಮಾತ್ರ. ಎರಡು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ. ಹುಡುಗಿಯರು ಕನಿಕರದಿಂದ ಕದ್ದು ಹಾಕುವ ಚಿಟಿಕೆಯೇ ಪಾಚಿಗೆ ದೊಡ್ಡ ಗೊಬ್ಬರವೆಂದು ಎಷ್ಟು ಸಾರಿ ಹೇಳಿದ್ದೇವೋ! ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ತೆಗೆದು, ಬಟ್ಟಿಯಿಳಿಸಿದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಮು ಕಡಲುಪ್ಪಿನ ಮಿಶ್ರಣವನ್ನು ಕರಗಿಸಿ ತುಂಬುತ್ತೇವೆ. ಆವಿಯಾಗಿ ತಗ್ಗಿದ್ದಕ್ಕೆ ಮಾತ್ರ ಉಪ್ಪಿಲ್ಲದ ನೀರು. ಯಾಕಂದರೆ ಉಪ್ಪು ಆವಿಯಾಗದು. ಕೂದಲು ಪಾಚಿಯನ್ನು ಕೈಯಿಂದ ಕೀಳುತ್ತೇವೆ. ಮುಂದಿನ ಗಾಜನ್ನು ಉಜ್ಜುತ್ತೇವೆ, ಹಿಂದಿನದನ್ನು ಮುಟ್ಟುವುದಿಲ್ಲ. ಅಲ್ಲಿರುವ ಹಸುರು ಕಡಲ ಬಸವನಹುಳುಗಳ ಊಟವಾಗಿದೆ.